ಕೊನೆಯಿಂದ ನೋಡಿದ ಸಿನಿಮಾ

ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ, ಅತ್ತೆ ಸೊಸೆಯನ್ನು ಗದರಿದರು.

"ಎಷ್ಟು ಸಲ ಅಂತ ಅದೇ ಸಿನಿಮಾ ನೋಡ್ತೀಯೇ? ನನ್ನ ಮಗ ಸಿನಿಮಾ ಕ್ಲಬ್ಬಿಂದ ತಂದ ಡಿಸ್ಕು ಅದು. ಕೊಟ್ಟು ಬಾ. ಮೈಗೊಂದಿಷ್ಟು ಬಿಸಿಲಾದರೂ ತಾಗಲಿ!"

ಗದರಿದ್ದು ಕೇಳಿ ಅವಳಿಗೆ ಹಾಯೆನಿಸಿತು. ಇಷ್ಟು ದಿನ ಮನೆಯಲ್ಲಿ ಬರೀ ಪಿಸುಮಾತು.

ಅದು ಗಲ್ಲುಶಿಕ್ಷೆಯಾದವನೊಬ್ಬನ ಥ್ರಿಲ್ಲರ್. ಥ್ರಿಲ್ಲರ್ ಎಂದರೆ ಅವಳಿಗೆ ಎದೆ ಡವಡವ. ಅದಕ್ಕೇ ಯಾವಾಗಲೂ ಮೊದಲು ಕೊನೆ ನೋಡಿಬಿಡುವಳು.

"ಅವನನ್ನ ಗಲ್ಲಿಗೇರಿಸ್ತಾರೆ ಕಣ್ರೀ. ಕೊಲೆಗಾರ ಬೇರೆಯವನು ಅಂತ ಆಮೇಲೆ ಗೊತ್ತಾಗುತ್ತೆ. ಇನ್ನೇನಿದೆ ನೋಡೋಕೆ, ತಲೆನೋವು!" ಎಂದಿದ್ದಳು, ಡಿಸ್ಕು ಮನೆಗೆ ಬಂದ ದಿನ.

ಗಂಡನ ಮುಖ ಸಪ್ಪಗಾಗಿತ್ತು. ಮರುದಿನ ಮಾತಿಲ್ಲದೆ ಸ್ಕೂಟರ್ ಹತ್ತಿದ್ದ. ಸಂಜೆ ಬಂದದ್ದು ಅವನಲ್ಲ... ಆಸ್ಪತ್ರೆಯ ಫೋನು.

ಕೋಪದಲ್ಲೇ ಹೋದನೆ? ಆ ಪ್ರಶ್ನೆ ಇಟ್ಟುಕೊಂಡೇ ಸಿನಿಮಾವನ್ನು ಮೊದಲಿನಿಂದ ಮತ್ತೆ ಮತ್ತೆ ನೋಡಿದ್ದಳು.

ಕ್ಲಬ್ಬಿನ ಕಾರ್ಯದರ್ಶಿಯನ್ನು ಅವಳು ನೋಡುತ್ತಿದ್ದದ್ದು ಇದೇ ಮೊದಲು. ಎಲ್ಲರ ಬಾಯಲ್ಲಿ ಆತ 'ಜಡ್ಜ್'. ಯಾವ ಸಿನಿಮಾ ಒಯ್ದರೂ ಹಿಂತಿರುಗಿಸುವಾಗ ಅದರ ಪರ ವಾದಿಸಬೇಕೆಂಬುದು ಆತನ ಕಾನೂನು.

"ನಿಮಗೆ ಆ ಕಾನೂನಿಲ್ಲ ತಂಗೀ. ಇಟ್ಟು ಹೋಗಿ."

"ಇಲ್ಲ. ವಾದಿಸ್ತೀನಿ."

"ಡಬ್ಬಾ ಸಿನಿಮಾಮ್ಮ ಅದು! ಕೊಲೆಗಾರ ಯಾರು ಅಂತ ಅರ್ಧದಲ್ಲೇ ಗೊತ್ತಾಗುತ್ತೆ."

"ಗೊತ್ತಾಗ್ಲಿ!" ಅವಳು ಡಿಸ್ಕನ್ನು ಕೈಬಿಡಲಿಲ್ಲ. "ಕೊಲೆಗಾರ ಬರೀ ನೆಪ. ತೀರ್ಪು ತಪ್ಪು ಅಂತ ಗೊತ್ತಾದಾಗ ಕ್ಷಮೆ ಕೇಳೋಕೆ ಅವನೇ ಇರಲ್ಲ... ನಿಜವಾದ ಭಯ ಅದು. ಕೊನೇ ಭೇಟೀಲಿ ಹೆಂಡ್ತಿ ಬರ್ತಾಳಲ್ಲ, ಅಂಗಿ ಗುಂಡಿ ಕಿತ್ಕೊಂಡಿದ್ದೀರಿ ಅಂತ ಅವನನ್ನ ಬೈತಾಳಲ್ಲ? ಮರುದಿನವೇ ಗಲ್ಲು ಅಂತ ಅವಳಿಗೆ ಯಾರೂ ಹೇಳಿರಲ್ಲ! ಹೇಳಿದ್ದಿದ್ರೆ..."

ಸ್ವರ ಒಡೆಯಿತು.

"ಹೇಳಿದ್ದಿದ್ರೆ ಯಾರಾದ್ರೂ ಬೈತಾರಾ?"

ಜಡ್ಜ್ ಕನ್ನಡಕ ತೆಗೆದರು. ಬಹಳ ಹೊತ್ತು ಅದನ್ನು ಒರೆಸಿದರು.

"ಅವತ್ತು ಬೆಳಗ್ಗೆ ಇಲ್ಲಿಗೆ ಬಂದಿದ್ದ ನಿಮ್ಮ ಯಜಮಾನ."

ಅವಳು ತಲೆಯೆತ್ತಿದಳು.

"ಕೋಪದಲ್ಲಿದ್ರಾ...?"

"ಕೋಪಾನಾ! ನಗ್ತಾ ಇದ್ದ ಪುಣ್ಯಾತ್ಮ. 'ಡಿಸ್ಕು ಇನ್ನೂ ಸ್ವಲ್ಪ ದಿನ ಇರಲಿ ಜಡ್ಜೇ. ನನ್ನವಳು ಕೊನೆಯಿಂದ ಶುರು ಮಾಡಿದ್ದಾಳೆ, ಮೊದಲಿಗೆ ಬರೋಕೆ ಟೈಮ್ ಬೇಕು. ಬಂದ್ರೆ ಮಾತ್ರ ನನಗಿಂತ ಚೆನ್ನಾಗಿ ವಾದಿಸ್ತಾಳೆ, ನೋಡ್ತಿರು' ಅಂದ."

ಅವಳಿಗೆ ನಗು ಬಂತು. ಅದರ ಬೆನ್ನಿಗೇ ಅಳು... ಇಷ್ಟು ದಿನ ಬಾರದೇ ಇದ್ದ ಅಳು. ಜಡ್ಜ್ ಸುಮ್ಮನೆ ಕುರ್ಚಿ ಎಳೆದುಕೊಟ್ಟು ಕಿಟಕಿಯತ್ತ ತಿರುಗಿ ನಿಂತರು.

"ಬೇಕಿದ್ರೆ ನೀವೇ ಇಟ್ಕೊಳ್ಳಿ ತಂಗೀ," ಎಂದರು ಕೊನೆಗೆ, ಮೆಲ್ಲಗೆ. "ಯಾರೂ ಕೇಳೋರಿಲ್ಲ ಇದನ್ನ."

ಅವಳು ಕಣ್ಣೊರೆಸಿಕೊಂಡು ಡಿಸ್ಕನ್ನು ಅವರ ಕೈಗಿಟ್ಟಳು.

"ಕೇಳ್ತಾರೆ. ಕೇಳಿದೋರಿಗೆ ಕೊಡಿ... ಕೊನೆ ಮಾತ್ರ ಹೇಳ್ಬೇಡಿ."