ಜೇಬಿನಲ್ಲಿದ್ದ ರೋಟರ್

"ಒಂಬತ್ತೂವರೆಗೆ ಮರಳು ಕಾಣುತ್ತೆ. ಹನ್ನೊಂದೂ ಮುಕ್ಕಾಲಿಗೆ ಮತ್ತೆ ನೀರು. ಅಷ್ಟರೊಳಗೆ ಹೋಗಿ, ಗಾಡಿ ಎಬ್ಬಿಸಿ, ಓಡಿಸಿಕೊಂಡು ಬರಬೇಕು. ಆಗಲ್ಲ ಅನ್ನೋರು ಈಗಲೇ ಹೇಳಿಬಿಡಿ, ಫ್ಲಾಸ್ಕಿನಲ್ಲಿ ಚಹಾ ಇದೆ, ಕುಡಿದು ಮನೆಗೆ ಹೋಗೋಣ."

ಲಾರಿಯ ಫುಟ್‌ಬೋರ್ಡಿನ ಮೇಲೆ ನಿಂತು ದೊಡ್ಡಮ್ಮ ಹೀಗೆ ಹೇಳಿದಾಗ ಇಬ್ಬರು ಷಡ್ಡಕರೂ ಆಗಲೇ ಪ್ಯಾಂಟು ಮಡಚುತ್ತಿದ್ದರು. ದೊಡ್ಡಮ್ಮ ಅವರಿಬ್ಬರ ಹೆಂಡತಿಯರ ದೊಡ್ಡಮ್ಮ. ಮೂವತ್ತು ವರ್ಷ ಲಾರಿ ಓಡಿಸಿದವಳು. ಹಳೇ ಕಾರುಗಳ ಹುಚ್ಚು ಹಿಡಿದ ಇಪ್ಪತ್ತು ಮಂದಿಯ ಕೂಟಕ್ಕೆ ಅವಳೇ ಯಜಮಾನಿ.

ಎದುರಿಗೆ ಸಮುದ್ರ ಹಿಂದೆ ಸರಿಯುತ್ತಿತ್ತು. ಒಂದೂವರೆ ಕಿಲೋಮೀಟರ್ ಆಚೆ ಕಲ್ಲಿನ ದ್ವೀಪ, ಅದರ ನೆತ್ತಿಯ ಮೇಲೆ ಬಣ್ಣ ಬಿಟ್ಟ ದೀಪಸ್ತಂಭ, ಅದರ ಬುಡದಲ್ಲಿ ಒಂದು ತಗಡಿನ ಶೆಡ್. ಆ ಶೆಡ್ಡಿನಲ್ಲಿ ನಲವತ್ತು ವರ್ಷದಿಂದ ಒಂದು ಕಾರು ನಿದ್ದೆ ಹೋಗಿತ್ತು. ದೀಪ ಕಾಯುತ್ತಿದ್ದವನ ಮಗಳು ಅದನ್ನು ಕೂಟಕ್ಕೆ ಕೊಟ್ಟಿದ್ದಳು. ಬರುವ ವಾರ ಶೆಡ್ ಕೆಡವುತ್ತಾರೆ. ಹುಣ್ಣಿಮೆಗೆ ಮತ್ತು ಅಮಾವಾಸ್ಯೆಗೆ ಮಾತ್ರ ಸಮುದ್ರ ಅಷ್ಟು ದೂರ ಇಳಿದು ಮರಳಿನ ದಾರಿ ಬಿಡುತ್ತದೆ. ಹುಣ್ಣಿಮೆಗೆ ಮೂವರೂ ಒಮ್ಮೆ ಹೋಗಿ, ಬಿಗಿದುಕೊಂಡಿದ್ದ ಎಂಜಿನ್ನಿಗೆ ಎಣ್ಣೆ ಹುಯ್ದು ಬಂದಿದ್ದರು. ಇಂದು ಅಮಾವಾಸ್ಯೆ. ಇದೇ ಕೊನೆಯ ಅವಕಾಶ.

"ಕೂಟದ ಕಾಯಿದೆ ನೆನಪಿದೆ ತಾನೆ?" ಎಂದಳು ದೊಡ್ಡಮ್ಮ. "ಸತ್ತ ಎಂಜಿನ್ನನ್ನು ಯಾರ ಕೈ ಮೊದಲು ಸುತ್ತಿ ಎಬ್ಬಿಸುತ್ತೋ, ಗಾಡಿ ಅವರ ಮನೇಲಿ ಮಲಗುತ್ತೆ. ಆಮೇಲೆ ನಂದು ನಿಂದು ಅಂತ ಕಿತ್ತಾಡಬಾರದು."

ಲೇತಣ್ಣ ಅಂಗಿಯ ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

ಅವನನ್ನು ಎಲ್ಲರೂ ಹಾಗೆಯೇ ಕರೆಯುವುದು. ಊರಿನ ಸಣ್ಣ ಬೀದಿಯಲ್ಲಿ ಒಂದು ಲೇತ್ ಇಟ್ಟುಕೊಂಡು ಎಲ್ಲೂ ಸಿಗದ ತಿರುಪು, ಬುಷ್, ಪಿನ್ನುಗಳನ್ನು ಕಡೆದು ಕೊಡುವವನು. ಕೂಟದಲ್ಲಿ ಅವನ ಕೈ ತಾಗದ ಗಾಡಿ ಇಲ್ಲ. ಆದರೆ ಅವನಿಗೆ ಸ್ವಂತದ್ದೊಂದು ಗಾಡಿ ಇಲ್ಲ. ಇಪ್ಪತ್ತು ವರ್ಷ ಬೇರೆಯವರ ಬಾನೆಟ್ಟಿನೊಳಗೆ ತಲೆ ಹಾಕಿದ್ದೇ ಬಂತು.

ಅವನ ಷಡ್ಡಕ, ಹಲ್ಲು ಡಾಕ್ಟ್ರಿಗೆ, ಸ್ವಂತ ಗಾಡಿ ಇತ್ತು. ಡಾಕ್ಟ್ರು ಕೂಟ ಸೇರಿ ಮೂರೇ ವರ್ಷ. ಮೊದಲ ವರ್ಷವೇ ಹಸಿರು ಬಣ್ಣದ ಹಳೇ ಕಾರು ಮನೆಗೆ ಬಂತು. ಎರಡನೇ ವರ್ಷ ಅದಕ್ಕೆ ಪ್ರದರ್ಶನದಲ್ಲಿ ಕಪ್ ಬಂತು. ವಾಲ್ವು ಕೂರಿಸಿದ್ದು ಲೇತಣ್ಣ, ಕಪ್ ಕೂತದ್ದು ಡಾಕ್ಟ್ರ ಶೋಕೇಸಿನಲ್ಲಿ. "ತಂಗಿ ಗಂಡ ನಟ್ಟುಗಳನ್ನೂ ಹಲ್ಲುಜ್ಜೋ ಬ್ರಷ್ಷಿನಲ್ಲಿ ತೊಳೀತಾರಂತೆ, ನೋಡಿ ಕಲೀರಿ," ಎಂದು ಹೆಂಡತಿ ಹೇಳಿದ ದಿನ ಲೇತಣ್ಣ ಊಟ ಅರ್ಧಕ್ಕೆ ಬಿಟ್ಟು ಎದ್ದಿದ್ದ. ಆ ಮನುಷ್ಯ ಜಂಬಗಾರನಾದರೂ ಆಗಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು. ಅದೂ ಅಲ್ಲ. ಎಲ್ಲರೆದುರು "ನಮ್ಮ ಭಾವನ ಹಾಗೆ ಎಂಜಿನ್ ಮಾತು ತಿಳಿದವರಿಲ್ಲ" ಅನ್ನುತ್ತಿದ್ದ. ಅದನ್ನು ಕೇಳಿದಾಗಲೇ ಹೊಟ್ಟೆ ಹೆಚ್ಚು ಉರಿಯುತ್ತಿತ್ತು.

ಆದ್ದರಿಂದಲೇ ಹುಣ್ಣಿಮೆಯ ದಿನ ಲೇತಣ್ಣ ಒಂದು ಕೆಲಸ ಮಾಡಿದ್ದ. ಎಂಜಿನ್ನಿಗೆ ಕಿಡಿ ಕೊಡುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ ಒರೆಸುವಾಗ ಒಳಗಿನ ರೋಟರನ್ನು ಎತ್ತಿ ಜೇಬಿಗೆ ಹಾಕಿಕೊಂಡಿದ್ದ. ಹೆಬ್ಬೆರಳಿನಷ್ಟು ಚಿಕ್ಕ ಕಪ್ಪು ತುಂಡು, ತಲೆಯ ಮೇಲೊಂದು ಹಿತ್ತಾಳೆ ಪಟ್ಟಿ. ಒಂದೊಂದು ಸಿಲಿಂಡರಿಗೂ ಸರದಿಯ ಪ್ರಕಾರ ಕರೆಂಟು ಹಂಚುವುದು ಅದೇ. ಅದಿಲ್ಲದಿದ್ದರೆ ಕಿಡಿ ಇಲ್ಲ. ಡಾಕ್ಟ್ರು ಹೇಗೂ ಮುನ್ನುಗ್ಗಿ, ಮೂತಿಯ ಕಡೆಯಿಂದ ಎಂಜಿನ್ ಸುತ್ತುವ ಹ್ಯಾಂಡಲ್ ಮೊದಲು ಹಿಡಿಯುತ್ತಾನೆ. ಸುತ್ತಿ ಸುತ್ತಿ ಸೋಲಲಿ. ಆಮೇಲೆ ತಾನು ಸದ್ದಿಲ್ಲದೆ ರೋಟರ್ ಕೂರಿಸಿ, ಒಂದೇ ಸುತ್ತಿಗೆ ಎಬ್ಬಿಸುವುದು. ಇಷ್ಟೇ ಲೆಕ್ಕಾಚಾರ.

ಮರಳು ತಲೆ ಎತ್ತಿತು. ಮೂವರೂ ಹೊರಟರು.

ನೀರು ಬಿಟ್ಟುಹೋದ ನೆಲ ಹೊಸದಾಗಿ ತೊಳೆದ ಹಾಸಿನ ಹಾಗೆ ಹೊಳೆಯುತ್ತಿತ್ತು. ಎರಡೂ ಬದಿಗೆ ಸಮುದ್ರ ಉಸಿರು ಬಿಗಿಹಿಡಿದು ನಿಂತಂತೆ ಸುಮ್ಮನಿತ್ತು. ಸಣ್ಣ ಏಡಿಗಳು ಹೆಜ್ಜೆ ಸದ್ದಿಗೆ ತೂತಿನೊಳಗೆ ಜಾರಿಕೊಳ್ಳುತ್ತಿದ್ದವು. ಲಾರಿಯ ಭಾರವನ್ನು ಈ ಮರಳು ತಡೆಯುವುದಿಲ್ಲವೆಂದು ಕೈಗಾಡಿ ತಂದಿದ್ದರು. ಅದರಲ್ಲಿ ಟೈರು ಹಾಕಿದ ನಾಲ್ಕು ಚಕ್ರ, ಜಾಕು, ಬ್ಯಾಟರಿ, ಪೆಟ್ರೋಲ್ ಡಬ್ಬ. ನಡುದಾರಿಯಲ್ಲಿ ಒಂದು ತಗ್ಗು. ಅಲ್ಲಿ ಆಗಲೂ ಕಣಕಾಲುದ್ದ ನೀರಿತ್ತು.

"ವಾಪಸ್ ಬರೋವಾಗ ಮೊದಲು ತುಂಬೋದು ಇದೇ," ಎಂದಳು ದೊಡ್ಡಮ್ಮ. "ಗುರುತಿಟ್ಟುಕೊಳ್ಳಿ."

ದ್ವೀಪ ಮುಟ್ಟಿದೊಡನೆ ಡಾಕ್ಟ್ರು, "ನಾನು ಹೋಗಿ ಬೀಗ ತೆಗೀತೀನಿ," ಎಂದು ಬಂಡೆಯಿಂದ ಬಂಡೆಗೆ ಹಾರುತ್ತಾ ಹೊರಟ. ಮೇಕೆಮರಿಯ ಹಾಗೆ ಹಗುರಾಗಿ ಹೋದ. ಅದನ್ನು ನೋಡಿ ಲೇತಣ್ಣನಿಗೆ ತಡೆಯಲಾಗಲಿಲ್ಲ. ತಾನೂ ಹಾರಿದ.

"ದಾರಿ ಇದೆಯಲ್ರೋ! ಮಂಗಗಳ ಹಾಗೆ..." ದೊಡ್ಡಮ್ಮ ಕೂಗು ಮುಗಿಸುವಷ್ಟರಲ್ಲಿ ಮೂರನೇ ಬಂಡೆಯ ಪಾಚಿ ಅವನ ಕಾಲನ್ನು ಎಳೆದುಹಾಕಿತು. ಎದೆಯಡಿಯಾಗಿ ಬಿದ್ದ. ಬಲಗೈ ಮಣಿಕಟ್ಟು ಮಡಚಿಕೊಂಡಿತು. ಜೇಬಿನಲ್ಲಿ ಏನೋ ಚಟ್ ಅಂದಿತು.

"ಏನಾಯ್ತು ಭಾವ?"

"ಏನಿಲ್ಲ. ಪೆನ್ಸಿಲ್ಲು," ಎಂದ ಲೇತಣ್ಣ, ಹಲ್ಲು ಕಚ್ಚಿ ಎದ್ದು.

ಶೆಡ್ಡಿನೊಳಗೆ ಕಾರು ಇಟ್ಟಿಗೆಗಳ ಮೇಲೆ ನಿಂತಿತ್ತು. ಉದ್ದ ಮೂತಿ, ದುಂಡು ದೀಪಗಳು, ಬಾಗಿಲ ಕೆಳಗೆ ಅಗಲವಾದ ಹಲಗೆ. ಧೂಳಿನ ಕೆಳಗೆ ಕಡುನೀಲಿ ಬಣ್ಣ. ಲೇತಣ್ಣ ಮಡ್ಗಾರ್ಡಿನ ಮೇಲೆ ಎಡಗೈ ಇಟ್ಟ. ತನ್ನ ಅಂಗಡಿಯ ಹಿಂದಿನ ಚಪ್ಪರದಲ್ಲಿ ಇದಕ್ಕೆ ಸರಿಯಾಗಿ ಜಾಗ ಅಳೆದು ಸುಣ್ಣದ ಗೆರೆ ಎಳೆದಿಟ್ಟಿದ್ದ. ಹೆಂಡತಿಗೂ ಹೇಳಿರಲಿಲ್ಲ.

ಕೆಲಸ ಚುರುಕಾಗಿ ಸಾಗಿತು. ಜಾಕು ಏರಿತು, ಚಕ್ರ ಕೂತಿತು. ಮರಳಿನಲ್ಲಿ ಹೂತುಕೊಳ್ಳದಂತೆ ಟೈರಿನ ಗಾಳಿಯನ್ನು ಅರ್ಧ ಬಿಟ್ಟರು. ಬ್ಯಾಟರಿ ಕಟ್ಟಿ, ಪೆಟ್ರೋಲ್ ಹುಯ್ದರು. ಹತ್ತೂ ಮುಕ್ಕಾಲು.

"ನಾನು ಸುತ್ತಲಾ?" ಡಾಕ್ಟ್ರು ಆಗಲೇ ಹ್ಯಾಂಡಲ್ ಹಿಡಿದಿದ್ದ.

"ಧಾರಾಳವಾಗಿ, ಡಾಕ್ಟ್ರೇ," ಎಂದ ಲೇತಣ್ಣ, ಬೆಲ್ಲದಂಥ ದನಿಯಲ್ಲಿ.

ಡಾಕ್ಟ್ರು ಸುತ್ತಿದ. ಒಂದು, ಎರಡು, ಹತ್ತು. ಬೆವರಿನಿಂದ ಅಂಗಿ ಬೆನ್ನಿಗಂಟಿತು. ಎಂಜಿನ್ನು ಕೆಮ್ಮಲೂ ಇಲ್ಲ. ಲೇತಣ್ಣನ ಹೊಟ್ಟೆಯೊಳಗೆ ತಣ್ಣಗೆ ಹಾಲು ಹುಯ್ದಂತಾಯಿತು.

"ಸರಿಯಿರಿ, ನೋಡೋಣ," ಎಂದು ಬಾನೆಟ್ಟಿಗೆ ಬಗ್ಗಿ ಜೇಬಿಗೆ ಬೆರಳು ಹಾಕಿದ.

ಬೆರಳಿಗೆ ಎರಡು ತುಂಡು ಸಿಕ್ಕವು.

ಹೊರಗೆ ಅಲೆಯ ಸದ್ದು ಬದಲಾಗಿತ್ತು. ದೊಡ್ಡಮ್ಮ ಬಾಗಿಲಿನಿಂದ ಕೂಗಿದಳು. "ನೀರು ತಿರುಗಿದೆ! ಏನು ಹುಡುಕ್ತಿದೀಯೋ?"

ಸುಳ್ಳು ಹೇಳಬಹುದಿತ್ತು. ನಲವತ್ತು ವರ್ಷದ ಹಳೇ ಮಾಲು, ಬಿರುಕು ಬಿಟ್ಟಿದೆ ಅಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಬಾಯಿ ತೆರೆದೂ ತೆರೆದ. ಆದರೆ ಕಾರಿನ ದುಂಡು ದೀಪಗಳು ಎದುರಿಗಿದ್ದವು. ಈ ಶೆಡ್ಡಿನ ಜೊತೆ ಅದೂ ಗುಜರಿಯಾಗುವುದು ತನ್ನಿಂದ. ಎರಡು ತುಂಡನ್ನೂ ಅಂಗೈಯಲ್ಲಿಟ್ಟು ಚಾಚಿದ.

"ಹುಣ್ಣಿಮೆಗೆ ನಾನೇ ತೆಗೆದಿದ್ದು. ಡಾಕ್ಟ್ರು ಸುತ್ತಿ ಸೋಲಲಿ ಅಂತ. ಬಿದ್ದಾಗ ಮುರೀತು."

ದೊಡ್ಡಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ನಿನಗೆ ಮೊಮ್ಮಗ ಹುಟ್ಟಿದ್ದಾನಲ್ಲವೇನೋ?" ಎಂದಳು. ಅಷ್ಟೇ.

ಡಾಕ್ಟ್ರು ತುಂಡುಗಳನ್ನು ತೆಗೆದುಕೊಂಡು ಬೆಳಕಿಗೆ ಹಿಡಿದ. ಮುಖದಲ್ಲಿ ಏನಿತ್ತೋ ಲೇತಣ್ಣ ನೋಡಲಿಲ್ಲ.

"ಹಿತ್ತಾಳೆ ಸರಿಯಿದೆ. ಮೈ ಮಾತ್ರ ಹೋಗಿದೆ. ನನ್ನ ಚೀಲ ಕೊಡಿ ದೊಡ್ಡಮ್ಮ."

ಚೀಲದಲ್ಲಿ ಕಟ್ಟಿಸಿದ ಹಲ್ಲುಸೆಟ್ಟು ಮುರಿದರೆ ಕೂಡಿಸುವ ಪುಡಿ, ಒಂದು ಸೀಸೆ ದ್ರವ. ಹಳೇ ಕಾರುಗಳ ಗುಂಡಿ, ಹಿಡಿಗಳು ಬಿರಿಯುತ್ತವೆಂದು ಸದಾ ಜೊತೆಗಿಟ್ಟುಕೊಳ್ಳುತ್ತಿದ್ದ.

"ಇದರಲ್ಲಿ ಕರೆಂಟು ಹರಿಯುತ್ತಾ?" ಲೇತಣ್ಣ ಕೇಳಿದ.

"ಹರಿಯಲ್ಲ."

"ಹಾಗಾದರೆ ಸರಿ. ಮೈಯಲ್ಲಿ ಹರೀಬಾರದು. ಪಟ್ಟಿಯಲ್ಲಿ ಮಾತ್ರ."

ಪುಡಿಗೆ ದ್ರವ ಬಿತ್ತು. ಘಾಟು ವಾಸನೆ ಶೆಡ್ ತುಂಬಿತು. ಡಾಕ್ಟ್ರು ಎರಡು ತುಂಡನ್ನೂ ಜೋಡಿಸಿ ಬೆರಳ ತುದಿಯಲ್ಲಿ ಹಿಡಿದು ನಿಂತ. ಒಂದಿಷ್ಟೂ ನಡುಕವಿಲ್ಲ. ಎಂಟು ನಿಮಿಷ. ನೀರು ದಾರಿಯ ಎರಡೂ ಅಂಚನ್ನು ಕಚ್ಚುತ್ತಿತ್ತು.

ಹನ್ನೊಂದೂಕಾಲಿಗೆ ರೋಟರ್ ತನ್ನ ಜಾಗದಲ್ಲಿ ಕೂತಿತು.

ಲೇತಣ್ಣನ ಮಣಿಕಟ್ಟು ಊದಿ ಗಡ್ಡೆಯಾಗಿತ್ತು. ಹ್ಯಾಂಡಲ್ ಹಿಡಿಯುವ ಮಾತೇ ಇಲ್ಲ. ಅವನು ಸೀಟಿಗೆ ಹೋದ. ಸ್ಟಿಯರಿಂಗಿನ ಬಳಿಯ ಲಿವರನ್ನು ಹಿಂದಕ್ಕೆ ಎಳೆದು, ಕಿಡಿ ತಡವಾಗಿ ಹಾರುವಂತೆ ಮಾಡಬೇಕು. ಬೇಗ ಹಾರಿದರೆ ಎಂಜಿನ್ನು ಕತ್ತೆಯ ಹಾಗೆ ಹಿಂದಕ್ಕೆ ಒದೆಯುತ್ತದೆ. ತುಕ್ಕು ಹಿಡಿದ ಲಿವರ್ ಅರ್ಧ ಬಂದು ನಿಂತುಬಿಟ್ಟಿತು.

ಗಾಜಿನ ಆಚೆ ಡಾಕ್ಟ್ರು ಬಗ್ಗಿ ಹ್ಯಾಂಡಲ್ ಹಿಡಿದಿದ್ದ. ಅವಸರದಲ್ಲಿ ಹೆಬ್ಬೆರಳನ್ನು ಸುತ್ತಿ, ಮುಷ್ಟಿ ಕಟ್ಟಿ ಹಿಡಿದಿದ್ದ.

ಲೇತಣ್ಣ ನೋಡಿದ. ಎಂಜಿನ್ನು ಒದ್ದರೆ ಆ ಬೆರಳು ಬುಡಸಮೇತ ಮುರಿಯುತ್ತದೆ. ಆಮೇಲೆ ಎಳೆಯುವ ಹಲ್ಲಿಲ್ಲ, ಉಜ್ಜುವ ನಟ್ಟಿಲ್ಲ, ಕಪ್ ಇಲ್ಲ. ಇಷ್ಟೂ ಒಂದೇ ಕ್ಷಣದಲ್ಲಿ ಅವನ ತಲೆಯಲ್ಲಿ ಹಾದುಹೋಯಿತು. ಹಾದುಹೋಯಿತಲ್ಲ ಎಂದು ಅವನಿಗೇ ಹೇಸಿಗೆಯಾಯಿತು.

"ಹೆಬ್ಬೆರಳು ತೆಗಿಯೋ!" ಎಂದು ಕಿರುಚಿದ. "ಬೆರಳುಗಳ ಜೊತೆ ಒಂದೇ ಕಡೆ ಇಟ್ಕೋ! ಮೇಲಕ್ಕೆ ಎಳಿ, ಕೆಳಕ್ಕೆ ಒತ್ತಬೇಡ!"

ಡಾಕ್ಟ್ರು ಬೆಚ್ಚಿ ಹೆಬ್ಬೆರಳು ಈಚೆಗೆ ತಂದು ಎಳೆದ. ಧಡ್! ಎಂಜಿನ್ನು ಹಿಂದಕ್ಕೆ ಒದ್ದಿತು. ಹ್ಯಾಂಡಲ್ ಕೈ ಬಿಡಿಸಿಕೊಂಡು ಗಿರ್ರನೆ ತಿರುಗಿತು. ಡಾಕ್ಟ್ರು ಎರಡು ಮಾರು ಹಿಂದೆ ಕೂತುಬಿದ್ದ. ಕೈ ಎತ್ತಿ ಐದೂ ಬೆರಳು ಆಡಿಸಿ ನೋಡಿದ. ಐದೂ ಆಡಿದವು.

"ಜೀವ ಇದೆ ಇದಕ್ಕೆ!" ಎಂದಳು ದೊಡ್ಡಮ್ಮ.

ಲೇತಣ್ಣ ಲಿವರಿನ ಬುಡಕ್ಕೆ ಎಣ್ಣೆ ಬಿಟ್ಟು, ಎಡಗೈಯಲ್ಲಿ ತೂಗಿ ಪೂರ್ತಿ ಎಳೆದ. "ಈಗ!"

ಎರಡನೇ ಎಳೆತಕ್ಕೆ ಕಾರು ಸೀನಿತು. ಮೂರನೆಯದಕ್ಕೆ ನೀಲಿ ಹೊಗೆ ಉಗುಳಿ, ತೊದಲಿ, ತಡವರಿಸಿ, ಗುಡುಗುಡು ಎಂದು ನೆಲೆ ನಿಂತಿತು. ನಾಲ್ಕೂ ಸಿಲಿಂಡರು. ಮೂವರೂ ಕಿವಿಗೊಟ್ಟು ಕೇಳಿದರು.

"ಟಕಟಕ ಕೇಳ್ತಾ? ಮೂರನೇ ಟ್ಯಾಪೆಟ್ ಸಡಿಲ," ಎಂದ ಡಾಕ್ಟ್ರು.

ಸರಿಯಾಗಿಯೇ ಹೇಳಿದ್ದ. ಅದಕ್ಕೂ ಲೇತಣ್ಣನಿಗೆ ಹೊಟ್ಟೆ ಉರಿಯಿತು.

"ಫ್ಯಾನ್ ಬೆಲ್ಟ್ ಕಿತ್ತುಹಾಕಿ," ಎಂದ ಲೇತಣ್ಣ. "ತಗ್ಗಿನಲ್ಲಿ ಫ್ಯಾನು ನೀರು ಎರಚಿದರೆ ಎಲ್ಲ ಮುಗೀತು. ಎಂಜಿನ್ ಕಾದರೆ ಕಾಯಲಿ. ದೊಡ್ಡಮ್ಮ, ನೀವು ಓಡಿಸಿ. ಏನೇ ಆದರೂ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೀಬೇಡಿ."

"ನನಗೆ ಪಾಠ ಹೇಳ್ತೀಯೇನೋ? ಹತ್ತು!"

ಕಾರು ಇಳಿಜಾರು ಇಳಿದು ಮರಳಿಗೆ ಬಿತ್ತು. ದಾರಿ ಈಗ ಹತ್ತು ಮಾರು ಅಗಲ, ಮುಂದೆ ಆರು, ಆಮೇಲೆ ಬರೀ ಹೊಳಪು. ಲೇತಣ್ಣ ಬಾಗಿಲ ಕೆಳಗಿನ ಹಲಗೆಯ ಮೇಲೆ ನಿಂತು, ತೆರೆದ ಬಾನೆಟ್ಟಿನೊಳಗೆ ಬಗ್ಗಿ, ತನ್ನ ಅಂಗಿಯನ್ನು ಕಳಚಿ ಡಿಸ್ಟ್ರಿಬ್ಯೂಟರಿಗೆ ಹೊದಿಸಿ ಹಿಡಿದ.

ತಗ್ಗು ಬಂತು. ಮೊಣಕಾಲು ನೀರು.

ಅಲೆ ಬಂದು ಮಗ್ಗುಲಿಗೆ ಬಡಿಯಿತು. ಚಕ್ರ ಜಾರಿತು. ಸೈಲೆನ್ಸರ್ ಗುಳುಗುಳು ಅಂದಿತು.

"ನಿಲ್ತಿದೆ!" ಎಂದಳು ದೊಡ್ಡಮ್ಮ.

ಡಾಕ್ಟ್ರು ಹಿಂದೆ ಹಾರಿ, ನೀರಿಗಿಳಿದು ಹೆಗಲು ಕೊಟ್ಟ. ಎರಡನೇ ಅಲೆ ಲೇತಣ್ಣನ ಮುಖಕ್ಕೆ ಉಪ್ಪು ಎರಚಿತು. ಅಂಗಿ ತೊಯ್ದಿತು. ಅವನು ಎದೆಯನ್ನೇ ಅಡ್ಡ ಕೊಟ್ಟು ಮಲಗಿದ. ಕಾದ ಮ್ಯಾನಿಫೋಲ್ಡ್ ಕೊಳವೆ ತೋಳನ್ನು ಸುಟ್ಟಿತು. ಬಿಡಲಿಲ್ಲ.

"ದೂಡೋ! ಇನ್ನೊಂದು ಸಲ!"

"ದೂಡ್ತಾ ಇದೀನಿ ಭಾವ!"

ಹಿಂದಿನ ಚಕ್ರ ಗಟ್ಟಿ ನೆಲ ಕಚ್ಚಿತು. ಕಾರು ನಾಯಿಯಂತೆ ಮೈ ಕೊಡವಿಕೊಂಡು ಮೇಲೆದ್ದಿತು.

ದಡ ಸೇರಿದಾಗ ರೇಡಿಯೇಟರ್ ಕೆಟಲಿನಂತೆ ಕುದಿಯುತ್ತಿತ್ತು. ಹಿಂದೆ ದಾರಿ ಇದ್ದ ಗುರುತೂ ಇರಲಿಲ್ಲ, ದ್ವೀಪ ಮತ್ತೆ ದ್ವೀಪವಾಗಿತ್ತು. ಕೈಗಾಡಿ, ಜಾಕು ಅಲ್ಲೇ ಉಳಿದವು. ಎಂಜಿನ್ ಆರಿಸಿ ಮೂವರೂ ಮರಳ ಮೇಲೆ ಕೂತು ಒಂದೇ ಮುಚ್ಚಳದಲ್ಲಿ ಸರದಿಯಂತೆ ಚಹಾ ಕುಡಿದರು.

ದೊಡ್ಡಮ್ಮ ಸೀಮೆಸುಣ್ಣ ತೆಗೆದಳು. ಬಾನೆಟ್ಟಿನ ಒಳಮೈಯಲ್ಲಿ ಹೆಸರು ಬರೆಯುವುದು ಕೂಟದ ಪದ್ಧತಿ. "ಸುತ್ತಿದ್ದು ಡಾಕ್ಟ್ರು. ಗಾಡಿ ಡಾಕ್ಟ್ರ ಮನೆಗೆ. ಏನಂತೀಯೋ ಲೇತಣ್ಣ?"

ಲೇತಣ್ಣನಿಗೆ ಅಂಗಡಿ ಹಿಂದಿನ ಸುಣ್ಣದ ಗೆರೆ ಕಣ್ಣ ಮುಂದೆ ಬಂತು. "ಕಾಯಿದೆ ಕಾಯಿದೆ," ಎಂದ.

ಡಾಕ್ಟ್ರು ಬಾನೆಟ್ಟಿಗೆ ಬಗ್ಗಿ ಡಿಸ್ಟ್ರಿಬ್ಯೂಟರ್ ಮುಚ್ಚಳ ಬಿಚ್ಚಿದ. ರೋಟರನ್ನು ಎತ್ತಿ ತಂದು, ತೊಯ್ದ ಅಂಗಿಯನ್ನು ಎಡಗೈಯಲ್ಲಿ ಕೊಡವುತ್ತಿದ್ದ ಲೇತಣ್ಣನ ಅಂಗೈಯಲ್ಲಿಟ್ಟ.

"ಗಾಡಿ ನಮ್ಮನೇಲಿ ಮಲಗಲಿ ಭಾವ. ಇದು ನಿಮ್ಮ ಹತ್ರ ಇರಲಿ. ಗಾಡಿ ಎಬ್ಬಿಸಬೇಕಾದಾಗ ನಾನೇ ಬಂದು ಕರೀತೀನಿ."

"ನಾನು ಕೊಡಲ್ಲ ಅಂದ್ರೆ?"

"ಕೊಡದೇ ಇರೋದು ನಿಮಗೆ ಅಭ್ಯಾಸ ಇದೆಯಲ್ಲ," ಎಂದ ಡಾಕ್ಟ್ರು. ಆ ಮಾತಿನಲ್ಲಿ ಮುಳ್ಳಿತ್ತು. ಮೂರು ವರ್ಷದಲ್ಲಿ ಮೊದಲ ಸಲ. ಲೇತಣ್ಣನಿಗೆ ಯಾಕೋ ಅದರಿಂದ ಹಗುರವೆನಿಸಿತು.

ದೊಡ್ಡಮ್ಮ ಗೊಳ್ಳೆಂದು ನಕ್ಕು ಲಾರಿಯ ಹಿಂಬಾಗಿಲು ಇಳಿಸಲು ಹೋದಳು.

ಲೇತಣ್ಣ ರೋಟರನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ. ಕೂಡಿಸಿದ ಗೆರೆ ಕೂದಲಿಗಿಂತ ಸಣ್ಣ. ಉಗುರು ಎಳೆದರೂ ತಡೆಯಲಿಲ್ಲ. ತನ್ನ ಲೇತಿನ ಮುಂದೆ ಸಾವಿರ ಸಲ ಕೂತರೂ ಇಂಥ ಬೆಸುಗೆ ತನ್ನ ಕೈಗೆ ಬರುತ್ತಿರಲಿಲ್ಲ.

"ಹಾಳಾದವನು," ಎಂದುಕೊಂಡು, ಅಂಗಿ ತೊಟ್ಟು, ಅದನ್ನು ಜೋಪಾನವಾಗಿ ಜೇಬಿನಲ್ಲಿಟ್ಟು, ಜೇಬಿನ ಗುಂಡಿ ಹಾಕಿದ.