ಮೈಕಿನ ಮುಂದೆ ನಗಬಾರದು

"ನಿಮಗೆ ನಗೋಕೇ ಬರಲ್ವಾ?"

ಬಾಗಿಲು ದಢಾರನೆ ತೆರೆದುಕೊಂಡಿತು. ಹೊರಗೆ ಕೆಂಪು ದೀಪ ಇನ್ನೂ ಉರಿಯುತ್ತಲೇ ಇತ್ತು. ಆ ದೀಪ ಉರಿಯುವಾಗ ರೆಕಾರ್ಡಿಂಗ್ ಕೋಣೆಯೊಳಗೆ ನೊಣವೂ ಹಾರಬಾರದು. ಅಂಥದ್ದರಲ್ಲಿ ಈ ಮನುಷ್ಯ ಬೂಟುಗಾಲಲ್ಲೇ ನುಗ್ಗಿದ್ದ!

ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

ಎದುರಿಗಿದ್ದವನು ಅವಳು ಆಡಿಯೋ ಪುಸ್ತಕಕ್ಕಾಗಿ ಓದುತ್ತಿದ್ದ ಕಥೆಗಳ ಲೇಖಕ. ಮರೆಗುಳಿ ಅಜ್ಜಿಯ ಕಥೆಗಳನ್ನು ಬರೆದವನು. ಆ ಮಾಯಾವಿ ಅಜ್ಜಿಗೆ ಮಂತ್ರ ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ಮರೆತುಹೋಗುತ್ತದೆ. ಆನೆಯನ್ನು ಇರುವೆಯಷ್ಟು ಚಿಕ್ಕದು ಮಾಡಿದವಳು ಅದರ ಸೀನನ್ನು ಚಿಕ್ಕದು ಮಾಡುವುದನ್ನೇ ಮರೆತಳು. ಇರುವೆಯಷ್ಟಿದ್ದ ಆನೆ ಒಮ್ಮೆ ಸೀನಿದರೆ ಸಾಕು, ಅರಮನೆಯ ಛಾವಣಿಯೇ ಹಾರಿಹೋಗುತ್ತಿತ್ತು!

ಊರ ಮಕ್ಕಳೆಲ್ಲ ಆ ಕಥೆಗಳನ್ನು ಅವಳ ದನಿಯಲ್ಲಿ ಕೇಳಿದ್ದರು. ಆದರೆ ಬರೆದವನೂ ಓದುವವಳೂ ಮುಖಾಮುಖಿಯಾದದ್ದು ಇದೇ ಮೊದಲು.

"ಗಾಜಿನಾಚೆ ನಿಂತು ಆಗ್ಲಿಂದ ನೋಡ್ತಿದೀನಿ," ಎಂದ ಅವನು. "ಛಾವಣಿ ಹಾರಿಹೋಯ್ತು, ರಾಜ ಕಂಬಕ್ಕೆ ಜೋತುಬಿದ್ದ... ನಿಮ್ಮ ತುಟಿ ಒಂಚೂರೂ ಅಲುಗಲಿಲ್ಲ. ನನ್ನ ಕಥೆ ಅಷ್ಟು ಕೆಟ್ಟದಾಗಿದ್ಯಾ?"

'ಕೆಟ್ಟದಾ? ಅಯ್ಯೋ! ನಗು ತಡೆಯೋಕೆ ಅಂಗೈಗೆ ಉಗುರು ಒತ್ತಿಕೊಂಡು ಕೂತಿದ್ದೆನಲ್ಲ...'

ಅವಳು ಬಾಯಿ ತೆರೆಯುವಷ್ಟರಲ್ಲಿ ಅವನೇ ಅಂದುಬಿಟ್ಟ. "ಬರೀ ದುಡ್ಡಿಗೋಸ್ಕರ ಓದ್ತೀರೇನೋ!"

ಆ ಮಾತು ಚುಚ್ಚಿತು. ಸ್ವಾಭಿಮಾನ ಹೆಡೆಯೆತ್ತಿತು.

"ಓದೋದು ನನ್ನ ಕೆಲಸ ಸರ್. ನಗೋದಲ್ಲ."

ಅವನ ಮುಖ ಬಿಳಿಚಿಕೊಂಡಿತು. ಗಕ್ಕನೆ ತಿರುಗಿ ಹೊರಟುಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅಂದು ಇಬ್ಬರ ಪಾಲಿಗೂ ಹಾಗೇ ಆಯಿತು.

ಅವನಿಗೊಬ್ಬಳು ತಂಗಿಯಿದ್ದಳು. ಹಾಸಿಗೆ ಬಿಟ್ಟು ಏಳಲಾಗದ ಆ ಪುಟ್ಟ ಹುಡುಗಿಗಾಗಿಯೇ ಮರೆಗುಳಿ ಅಜ್ಜಿ ಹುಟ್ಟಿದ್ದು. ಅಣ್ಣ ಕಥೆ ಮುಗಿಸುವ ಮುಂಚೆಯೇ ಅವಳು ನಕ್ಕುಬಿಡುತ್ತಿದ್ದಳು. ಅವಳು ತೀರಿಹೋದ ಮೇಲೆ ಅವನು ಯಾರಿಗೂ ಬಾಯಿಬಿಟ್ಟು ಕಥೆ ಹೇಳಲಿಲ್ಲ. ಬರೆದ, ಅಷ್ಟೇ. ಬರೆದದ್ದನ್ನು ಓದುವವರ ಮುಖದಲ್ಲಿ ಆ ನಗುವನ್ನೇ ಹುಡುಕುತ್ತಿದ್ದ. ಅದೆಲ್ಲ ಗಾಜಿನ ಕೋಣೆಯ ಹುಡುಗಿಗೆ ಹೇಗೆ ಗೊತ್ತಾಗಬೇಕು?

ಕೆಲವು ದಿನಗಳ ನಂತರ ಪ್ರಕಾಶಕರ ಫೋನು ಬಂತು. "ಮುಂದಿನ ಪುಸ್ತಕಕ್ಕೆ ಬೇರೆ ದನಿ ತಗೋತಿದೀವಮ್ಮ... ಲೇಖಕರ ಇಷ್ಟ. ಬೇಜಾರು ಮಾಡ್ಕೋಬೇಡ."

"ಪರವಾಗಿಲ್ಲ ಸರ್," ಎಂದಳು. ಒಳಗೊಳಗೇ ತುಂಬಾ ನೋವಾಗಿತ್ತು!

ಅವಳ ಅಪ್ಪ ಒಂದು ಕಾಲದಲ್ಲಿ ರಂಗದ ಮೇಲೆ ಬಂದು ನಿಂತರೆ ಸಾಕು, ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಈಗ ಲಕ್ವ ಹೊಡೆದು ಅರ್ಧ ಮೈಯನ್ನೂ ಮಾತನ್ನೂ ಕಿತ್ತುಕೊಂಡಿತ್ತು. ಚಿಕ್ಕಂದಿನಲ್ಲಿ ಮಗಳಿಗೆ ಅವರು ಕಲಿಸಿದ್ದು ಒಂದೇ ಪಾಠ. "ನಗಿಸೋರು ನಗಬಾರದು ಮಗಳೇ. ನೀನೇ ನಕ್ಬಿಟ್ರೆ ಕೇಳೋರ ಪಾಲಿನ ನಗೂನ ನೀನೇ ತಿಂದ ಹಾಗೆ."

ಅದನ್ನೇ ಅವಳು ಮೈಕಿನ ಮುಂದೆ ಪಾಲಿಸುತ್ತಿದ್ದದ್ದು.

ಸಂಜೆ ಮನೆಗೆ ಬಂದು ತನ್ನದೇ ರೆಕಾರ್ಡಿಂಗನ್ನು ಅಪ್ಪನ ಮಂಚದ ಪಕ್ಕ ಹಾಕುತ್ತಿದ್ದಳು. ಆನೆ ಸೀನಿದಾಗ ಅಪ್ಪನ ಅರ್ಧ ಬಾಯಿ ಅರಳುತ್ತಿತ್ತು, ಗಂಟಲಿನಿಂದ ಗೊಗ್ಗರು ನಗು ಹೊರಡುತ್ತಿತ್ತು. ಆಗ ಅವಳೂ ಕೇಳುವವಳೇ ತಾನೆ? ಅಂಗೈಗೆ ಉಗುರು ಒತ್ತಿ ಹಿಡಿದಿಟ್ಟ ನಗುವನ್ನೆಲ್ಲ ಅಲ್ಲಿ ನಕ್ಕು ಮುಗಿಸುತ್ತಿದ್ದಳು.

ಹೊಸ ಪುಸ್ತಕ ಬೇರೆ ದನಿಯಲ್ಲಿ ಬಂತು. ಅವಳು ಅದನ್ನೂ ಅಪ್ಪನಿಗೆ ಕೇಳಿಸಿದಳು. ಸ್ವಲ್ಪ ಹೊತ್ತು ಕೇಳಿದ ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟರು.

ಅವಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತಳು. 'ನನ್ನ ಕೆಲಸ ಹೋದ್ರೆ ಹೋಗ್ಲಿ... ಅಪ್ಪನ ನಗುನೂ ಕಸ್ಕೊಂಡ್ರಲ್ಲ ನೀವು!'

ಇತ್ತ ಗ್ರಂಥಾಲಯದಲ್ಲಿ ಪುಟಾಣಿ ಓದುಗರ ಅಭಿಪ್ರಾಯ ಕೇಳುವ ಸಭೆ ನಡೆದಿತ್ತು. ಲೇಖಕ ಮುಂದಿನ ಕುರ್ಚಿಯಲ್ಲಿ ಕೂತಿದ್ದ. ಮಕ್ಕಳೆಂದರೆ ಗೊತ್ತಲ್ಲ, ಮುಲಾಜಿಲ್ಲ!

"ಅಜ್ಜಿ ಈ ಸಲ ಜಾಸ್ತಿ ಮರೀಲಿಲ್ಲ. ಇನ್ನೂ ಮರೀಬೇಕಿತ್ತು," ಎಂದ ಒಬ್ಬ.

ಎರಡು ಜಡೆಯ ಹುಡುಗಿಯೊಬ್ಬಳು ಮೈಕು ಹಿಡಿದಳು. "ಪುಸ್ತಕ ಚೆನ್ನಾಗಿದೆ ಅಂಕಲ್. ಆದ್ರೆ ಕೇಳೋಕೆ ಚೆನ್ನಾಗಿಲ್ಲ. ಹೊಸ ಅಕ್ಕ ಮೊದಲೇ ನಕ್ಬಿಡ್ತಾರೆ. ನಮಗೆ ನಗೋಕೆ ಏನೂ ಉಳಿಯಲ್ಲ!"

ಉಳಿದವರೆಲ್ಲ ಹೌದು ಹೌದೆಂದು ಕೂಗಿದರು.

"ಮೊದಲಿನ ಅಕ್ಕ ನಗ್ತಾನೇ ಇರ್ಲಿಲ್ವಲ್ಲಮ್ಮ?" ಅವನು ಕೇಳಿದ.

"ಅದಕ್ಕೇ ಅಲ್ವಾ ನಗು ಬರ್ತಿದ್ದಿದ್ದು! ನಮ್ಮ ನಗೂನ ನಮಗೇ ಬಿಡ್ತಿದ್ರು."

ಸಭೆ ಮುಗಿದದ್ದೇ ತಡ, ಅವನು ಪ್ರಕಾಶಕರಿಂದ ವಿಳಾಸ ಕೇಳಿಕೊಂಡು ಅವಳ ಮನೆಗೆ ಹೊರಟ.

ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಅವನದೇ ಕಥೆ ಕೇಳಿಸುತ್ತಿತ್ತು, ಅವಳ ದನಿಯಲ್ಲಿ, ಆ ಹಳೆಯ ಆನೆಯದು. ಆನೆ ಸೀನಿತು... ಒಂದು ಗೊಗ್ಗರು ನಗು, ಅದರ ಹಿಂದೆಯೇ ಇನ್ನೊಂದು.

ಬಾಗಿಲ ಸಂದಿಯಿಂದ ಅವಳು ಕಂಡಳು. ಅಪ್ಪನ ಕೈ ಹಿಡಿದು, ತಲೆ ಹಿಂದಕ್ಕೆ ಚೆಲ್ಲಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಛಾವಣಿ ಹಾರುವ ಮುಂಚೆಯೇ! ತಂಗಿ ನಗುತ್ತಿದ್ದುದೂ ಹೀಗೆಯೇ.

ಅವನ ಕಣ್ಣು ತುಂಬಿ ಬಂತು.

"ಮೇಡಂ..."

ಅವಳು ತಟ್ಟನೆ ಎದ್ದಳು. ನಗು ಮಾಯವಾಯಿತು. "ಇಲ್ಲಿಗ್ಯಾಕೆ ಬಂದ್ರಿ? ಇನ್ನೇನು ಉಳಿದಿದೆ ಅನ್ನೋಕೆ?"

"ಕ್ಷಮಿಸಿ ಅನ್ನೋದು ಉಳಿದಿದೆ." ಅವನು ಹೊಸ್ತಿಲಲ್ಲೇ ನಿಂತು ತಂಗಿಯ ವಿಷಯ ಹೇಳಿದ. ಎಲ್ಲವನ್ನೂ ಹೇಳಿದ. "ನಿಮ್ಮ ಮುಖದಲ್ಲಿ ಅವಳನ್ನ ಹುಡುಕಿದೆ. ಸಿಗಲಿಲ್ಲ ಅಂತ ನಿಮ್ಮನ್ನ ನೋಯಿಸಿದೆ. ತಪ್ಪು ನಂದೇ."

ಮಂಚದ ಮೇಲಿದ್ದ ಅಪ್ಪ ತಮ್ಮ ಸರಿಯಿದ್ದ ಕೈಯೆತ್ತಿ ಅವನನ್ನು ಕರೆದರು. ಪಕ್ಕದ ಕುರ್ಚಿ ತೋರಿಸಿದರು. ಆಮೇಲೆ ಬೆರಳನ್ನು ತಮ್ಮ ಕಿವಿಗೆ ತಾಗಿಸಿದರು.

"ಕಥೆ ಹೇಳಿ ಅಂತಿದಾರೆ," ಅವಳು ಮೆಲ್ಲಗೆ ಅಂದಳು.

ಅವನು ಕೂತ. ತಂಗಿ ಹೋದ ಮೇಲೆ ಮೊದಲ ಬಾರಿಗೆ ಬಾಯಿಬಿಟ್ಟು, ತಡವರಿಸುತ್ತ, ಇನ್ನೂ ಬರೆಯದ ಕಥೆಯೊಂದನ್ನು ಹೇಳಿದ. ಮರೆಗುಳಿ ಅಜ್ಜಿ ಮಾಯವಾಗುವ ಮಂತ್ರ ಹೇಳಿಕೊಂಡಳು. ಇಡೀ ಅಜ್ಜಿ ಮಾಯವಾದಳು, ಕೆಮ್ಮು ಮಾತ್ರ ಊರೆಲ್ಲ ತಿರುಗುತ್ತಿತ್ತು!

ಅಪ್ಪನ ಅರ್ಧ ಬಾಯಿ ಅರಳಿತು. ಅವಳು ನಕ್ಕಳು, ತಡೆಯದೆ, ಜೋರಾಗಿ. ಅವನು ಕಥೆಯ ಮಧ್ಯದಲ್ಲೇ ಅತ್ತುಬಿಟ್ಟ. ಅಂದಿನಿಂದ ಸಂಜೆಯಾದರೆ ಕಥೆ ಹೇಳಲು ಅಲ್ಲಿಗೇ ಬರತೊಡಗಿದ.

"ನಿಮ್ಮನ್ನ ತುಂಬಾ ಪ್ರೀತಿಸ್ತೀನಿ," ಒಂದು ಸಂಜೆ ಹೊರಡುವಾಗ ಬಾಗಿಲ ಬಳಿ ಅವನು ಹೇಳಿದ. "ಜೀವನಪೂರ್ತಿ ನನ್ನ ಕಥೆ ಓದ್ತೀರಾ? ನಗದೇ?"

ಅವಳ ಕಣ್ಣು ಒದ್ದೆಯಾಗಿತ್ತು. "ಮೈಕಿನ ಮುಂದೆ ಮಾತ್ರ."

"ಮತ್ತೆ... ಮನೇಲಿ?"

"ಮನೇಲಿ ನೀವು ಹೇಳಿ. ನಾನು ನಗ್ತೀನಿ."