ಪಾರ್ವತೆಮ್ಮನ ಹೊಲದ ಹೆಂಟೆ

"ಹೆಂಟಿ ಮುಟ್ಟಬ್ಯಾಡ್ರಿ ಸಾಹೇಬ್ರ. ಹೊತ್ತವ ಸುಳ್ಳು ನುಡಿದ್ರ ಅದು ಇಳಿಯಂಗಿಲ್ಲ."

ತಳವಾರ ಮಾನಪ್ಪ ಹೊಲದ ಮಣ್ಣುಹೆಂಟೆ ತೋರಿಸಿ ಇಷ್ಟು ಹೇಳಿ, ಎರಡು ಹೆಜ್ಜೆ ಹಿಂದೆ ಸರಿದ. ಮೋಜಣಿ ಅಧಿಕಾರಿ ಶಿವನಂಜಯ್ಯ ನಕ್ಕುಬಿಟ್ಟ. ರಾಜ್ಯಗಳು ಒಂದಾದ ಮರುವರ್ಷ ಮೈಸೂರು ಕಡೆಯಿಂದ ಯಾದಗಿರಿಗೆ ವರ್ಗವಾಗಿ ಬಂದವನು ಅವನು. ಹಳೆಯ ದಫ್ತರಗಳ ಉರ್ದು ಅವನಿಗೆ ಬಾರದು, ಇಲ್ಲಿಯ ಜನರ ಮಾತು ಅರ್ಧ ತಿಳಿಯದು. ತಿಳಿಯದ್ದನ್ನೆಲ್ಲ ಮೂಢತನ ಎನ್ನುವ ಚಟ ಮಾತ್ರ ಚೆನ್ನಾಗಿತ್ತು.

ವಡಗೇರಾದ ಆಚೆ, ಭೀಮಾ ನದಿಯ ಸಮೀಪದ ಕರಿಬಾಳ ಎಂಬ ಊರಿನಲ್ಲಿ ಪಾರ್ವತೆಮ್ಮನ ಹನ್ನೆರಡು ಎಕರೆ ಕರಿಮಣ್ಣಿನ ಎರೆಹೊಲವಿತ್ತು. ಎರೆಯ ಕೆಳಗೆ ಹಾಸುಗಲ್ಲು ಪದರ ಪದರವಾಗಿ ಮಲಗಿದೆ ಎಂದು ಒಬ್ಬ ಗುತ್ತೇದಾರ ಮೂಸಿದ್ದ. ಉಳುವ ಭೂಮಿಯನ್ನು ಗಣಿಗೆ ಕೊಡಬೇಕಾದರೆ ಮೊದಲು ಅದನ್ನು ಬಂಜರು ಎಂದು ಬರೆದು ಉಳುವವರ ಒಡೆತನ ತೆಗೆಯಬೇಕು. ಆ ಒಂದು ಮಾತು ಬರೆಯಲಿಕ್ಕೇ ಶಿವನಂಜಯ್ಯ ಬಂದದ್ದು.

ಊರು ಸುಮ್ಮನಿರಲಿಲ್ಲ. ಎರಡು ಸಲ ಯಾದಗಿರಿಗೆ ನಡೆದು ಹೆಬ್ಬೆಟ್ಟಿನ ಅರ್ಜಿ ಕೊಟ್ಟರು. ಹೆಂಗಸರು ಅಳತೆಯ ಸರಪಳಿ ಕಿತ್ತು ಬಾವಿಗೆಸೆದರು. ಪಾರ್ವತೆಮ್ಮ ಬಂಡಿದಾರಿಗೆ ಅಡ್ಡ ಮಲಗಿದಳು. ರಜಾಕಾರರ ಕಾಲದಲ್ಲಿ ಊರೆಲ್ಲ ಓಡಿಹೋದಾಗಲೂ ಬಿತ್ತನೆಯ ಹೊತ್ತಿಗೆ ಮರಳಿ ಬಂದವಳು ಅವಳು. ಅವಳ ಗಂಡ ಅಯ್ಯಣ್ಣನನ್ನು ಹೂಳಿದ್ದೂ ಅದೇ ಹೊಲದ ಬನ್ನಿಗಿಡದ ಬುಡದಲ್ಲಿ.

ಚೈತ್ರದ ಬಿಸಿಲಿಗೆ ಎರೆ ಬಿರುಕುಬಿಟ್ಟಿತ್ತು. ಒಂದು ಹುಲ್ಲುಕಡ್ಡಿ ಇರಲಿಲ್ಲ. ಕಾಲುವೆ ನೀರಿನ ಗದ್ದೆ ನೋಡಿ ಬೆಳೆದ ಶಿವನಂಜಯ್ಯನ ಕಣ್ಣಿಗೆ ಅದು ಸತ್ತ ನೆಲ. ಸತ್ತಿಲ್ಲ, ಮಲಗಿದೆ ಎಂದಳು ಪಾರ್ವತೆಮ್ಮ. ಎರೆ ಹೀಗೆ ಒಡೆದಷ್ಟೂ ಮಳೆ ಆಳಕ್ಕಿಳಿಯುತ್ತದೆ, ಹಿಂಗಾರಿಗೆ ಎತ್ತರಕ್ಕೆ ಬೆಳೆದ ಜೋಳದಲ್ಲಿ ನಿಂತ ಆಳು ಕಾಣುವುದಿಲ್ಲ ಎಂದು ಊರವರು ಬಿಡಿಸಿ ಹೇಳಿದರು. ಅವನು ಗಡಿಯಾರ ನೋಡಿಕೊಂಡ. ಪಂಚರು ಮೇರೆ ಸುತ್ತಿ ಬಂಜರು ಎಂದು ನುಡಿದರೆ ಸಹಿ ಹಾಕಿ ಹೊರಡುತ್ತೇನೆ ಎಂದ.

ಒಬ್ಬನೂ ಮುಂದೆ ಬರಲಿಲ್ಲ. ಆ ಊರಲ್ಲಿ ಹೊಲದ ಬಗ್ಗೆ ಸಾಕ್ಷಿ ನುಡಿಯುವವನು ಅದೇ ಹೊಲದ ಹೆಂಟೆಯನ್ನು ಹಸಿ ಬಟ್ಟೆಯಲ್ಲಿ ಕಟ್ಟಿ ತಲೆಯ ಮೇಲೆ ಹೊರಬೇಕು. ಸುತ್ತು ಮುಗಿದ ಮೇಲೆ ಹೊಲದ ಒಡೆಯನೇ ಕೈಯಾರೆ ಇಳಿಸಿ ಅದನ್ನು ಸಾಲಿಗೆ ಮರಳಿಸಬೇಕು. ಹಿಂದೊಬ್ಬ ಕುಲಕರ್ಣಿ ಸುಳ್ಳು ನುಡಿದು, ಇಳಿಸಿಕೊಳ್ಳದೆ ಓಡಿಹೋಗಿ, ಕುತ್ತಿಗೆ ಎದೆಗೂಡಿಗಿಳಿದು ಸತ್ತನಂತೆ.

"ಗೊಬ್ಬರದ ಮಂಕರಿ ಹೊತ್ತು ಬೆಳೆದವನು ಕಣಯ್ಯ ನಾನು. ನಾನೇ ನಿಮ್ಮ ಪಂಚ," ಎಂದು ಶಿವನಂಜಯ್ಯ ಬನ್ನಿಗಿಡದ ಬುಡದಿಂದಲೇ ಒಂದು ಹೆಂಟೆ ಎತ್ತಿದ.

ನಡುಹಗಲು. ಬಟ್ಟೆಯ ನೀರು ಕಿವಿಯ ಹಿಂದೆ ಇಳಿಯುತ್ತಿತ್ತು. ಒಂದೊಂದು ಮೂಲೆಯಲ್ಲೂ ನಿಂತು ಬಂಜರು, ಬಂಜರು ಎಂದು ಕೂಗಿದ. ನಾಲ್ಕನೆಯ ಮೂಲೆಯಲ್ಲಿ ಪಾರ್ವತೆಮ್ಮ ಎರಡೂ ಕೈ ಚಾಚಿ ನಿಂತಿದ್ದಳು.

"ಸುಳ್ಳು ಅಂದೀಯಪ್ಪ. ಆದ್ರೂ ಇಳಸ್ತೀನಿ, ಬಾ. ಬರಿಯೋದೊಂದು ಬಿಡು."

ಅವನು ತಲೆ ಕೊಡವಿದ. ಹೆಂಟೆ ಬದುವಿನ ಕಲ್ಲಿಗೆ ಬಿದ್ದು ಪುಡಿಯಾಯಿತು. ಗಾಳಿ ಅದನ್ನು ಒಯ್ದಿತು. ಅವನು ಅಲ್ಲೇ ನಿಂತು ಬರೆದು, ಸಹಿ ಹಾಕಿದ.

ಯಾದಗಿರಿ ತಲುಪಿ ಟಾಂಗಾ ಹತ್ತಿದಾಗ ಕುದುರೆ ಮುಗ್ಗರಿಸಿತು. ಟಾಂಗಾದ ಮೆಹಬೂಬ ಹಿಂದೆ ತಿರುಗಿ, "ಏನ್ ಹೇರಿಕೊಂಡು ಬಂದೀರಿ ಸಾಹೇಬ್ರ, ಅತ್ತೀ ಮನೀಗಿ ಬೀಸೋಕಲ್ಲು ಒಯ್ಯಾಕತ್ತೀರೇನು?" ಎಂದ. ಶಿವನಂಜಯ್ಯನ ಕೈಯಲ್ಲಿ ಒಂದು ಚೀಲವೂ ಇರಲಿಲ್ಲ.

ಆಮೇಲೆ ಕಿವಿಯ ಹಿಂದೆ ತಣ್ಣನೆಯ ಹನಿ ಇಳಿಯತೊಡಗಿತು. ಒರೆಸಿದರೆ ಕೈ ಒಣಗಿಯೇ ಇರುತ್ತಿತ್ತು. ಕಚೇರಿಯಲ್ಲಿ ಕುಳಿತರೆ ಅಗೆದ ಎರೆಯ ವಾಸನೆ. ಅನ್ನ ಕಲಸಿದರೆ ಅದೇ ವಾಸನೆ. ಡಾಕ್ಟರು ಮುಟ್ಟಿ ನೋಡಿ ಏನೂ ಇಲ್ಲವೆಂದರು. ವಾರ ಕಳೆಯುವಷ್ಟರಲ್ಲಿ ಗದ್ದ ಎದೆಗೆ ತಾಗಿತು. ಒಂದು ಮಧ್ಯಾಹ್ನ ಕಡತ ಓದುತ್ತಿದ್ದಾಗ ಬೆಳಕು ಹೋಯಿತು. ಕಿಟಕಿ ತೆರೆದೇ ಇತ್ತು. ಹೊರಗೆ ಬಿಸಿಲು ಕುದಿಯುತ್ತಿತ್ತು. ಅವನ ಸುತ್ತ ಮಾತ್ರ ಕತ್ತಲೆ. ಒದ್ದೆ ಕತ್ತಲೆ. ಕಿವಿಯಲ್ಲಿ ಏನೋ ಸುರಿಯಿತು. ಮೂಗಿನಲ್ಲಿ ಸುರಿಯಿತು. ಉಸಿರೆಳೆದ. ಬರಲಿಲ್ಲ. ಬಾಯಿ ತೆರೆದ. ಮಣ್ಣು. ಕೂಗಿದ. ಮಣ್ಣು.

ಜವಾನ ನೀರೆರಚಿ ಎಬ್ಬಿಸಿದ. ಶಿವನಂಜಯ್ಯ ತೆವಳಿಕೊಂಡು ಮೇಲಧಿಕಾರಿಯ ಬಳಿ ಹೋಗಿ ತನ್ನ ವರದಿ ಸುಳ್ಳೆಂದ. ಹುಕುಂ ಆಗಿಹೋಗಿದೆ, ರಜೆ ಹಾಕಿ ಮಲಗು ಎಂದರು.

ಮರುದಿನ ಬೆಳಿಗ್ಗೆ ಬಂಡಿಯಲ್ಲಿ ಮಲಗಿಸಿ ಅವನನ್ನು ಕರಿಬಾಳಕ್ಕೆ ತಂದರು. ಹೊಲಕ್ಕೆ ತಂತಿಬೇಲಿ ಬಿದ್ದಿತ್ತು. ಪೊಲೀಸರ ಕಾವಲಿನಲ್ಲಿ ಹೊರಗಿನ ಕೂಲಿಯವರು ಎರೆ ಕೆರೆದು ಬುಟ್ಟಿಯಲ್ಲಿ ಹೊತ್ತು ಹಳ್ಳಕ್ಕೆ ಸುರಿಯುತ್ತಿದ್ದರು. ತಂತಿಯ ಹೊರಗೆ ಪಾರ್ವತೆಮ್ಮ ಕೂತಿದ್ದಳು. ಇಳಿಸು ತಾಯಿ ಎಂದು ಅವನು ಅವಳ ಕಾಲು ಹಿಡಿದ.

ಅವಳು ಬೈಯಲಿಲ್ಲ. ಕೈ ತೊಳೆದು ಬಂದು, ಅವನ ತಲೆಯ ಮೇಲೆ ಗಾಳಿಯಲ್ಲಿ ಕೈಯಿಟ್ಟಳು. ಬೆರಳು ಏನನ್ನೋ ಒತ್ತಿ ನಿಂತವು. ಮೂಸಿ ನೋಡಿದಳು. ಬನ್ನಿಗಿಡದ ಬುಡದ ಮಣ್ಣು. ಕಣ್ಣು ತುಂಬಿತು. ಎತ್ತಿದಳು. ತೋಳಿನ ನರ ಉಬ್ಬುವಷ್ಟು ಎತ್ತಿದಳು.

"ಇದು ನನ್ನ ಮಾತು ಕೇಳವಲ್ದಪ್ಪ. ಬಂಜರು ಅಂತ ಬರದು ನಾ ಇದರ ಒಡತಿ ಅಲ್ಲಂತ ನೀನೇ ಮಾಡೀಯಲ್ಲ."

ಹಾಗಾದರೆ ಒಡೆಯ ಯಾರು, ಗುತ್ತೇದಾರನೇ ಎಂದು ಅವನು ಕೇಳಿದ. ಅಲ್ಲವೆಂದ ಮಾನಪ್ಪ. ಗುತ್ತೇದಾರನದು ಕಲ್ಲು ಮಾತ್ರ. ಮಣ್ಣು ಯಾರದೂ ಅಲ್ಲ, ಕೆರೆದು ಚೆಲ್ಲುವುದು.

ಒಂದೊಂದು ಬುಟ್ಟಿ ಹಳ್ಳಕ್ಕೆ ಬಿದ್ದಾಗಲೂ ಅವನ ಕುತ್ತಿಗೆ ಒಂದು ಕೂದಲಿನಷ್ಟು ಕುಸಿಯುತ್ತಿತ್ತು. ಇಳಿಸಲಾಗದಿದ್ದರೂ ಆ ಭಾರವನ್ನು ಪಾರ್ವತೆಮ್ಮ ಎತ್ತಿ ಹಿಡಿಯಬಲ್ಲವಳಾಗಿದ್ದಳು. ಹಿಡಿದಳು. ಅವನಿಗೆ ಉಸಿರು ಬಂತು. ಬಿಸಿಲು ನೆತ್ತಿಗೆ ಬರುವವರೆಗೆ ಹಾಗೇ ಹಿಡಿದು ಕೂತಳು. ಅವಳ ಮೊಣಕೈ ನಡುಗುತ್ತಿತ್ತು. ಅವನು ಮಗುವಿನಂತೆ ಅಳುತ್ತಿದ್ದ.

ಆಗ ಹೊಲದ ಒಳಗಿನಿಂದ ಕೊಡಲಿಯ ಸದ್ದು ಬಂತು. ಬನ್ನಿಗಿಡದ ಕಡೆಯಿಂದ.

ಪಾರ್ವತೆಮ್ಮ ಆ ಕಡೆ ನೋಡಿದಳು. ಅವನನ್ನು ನೋಡಿದಳು. ಅವನಿಗೆ ತಿಳಿಯಿತು. ಅವಳ ಮಣಿಕಟ್ಟು ಹಿಡಿದ. ಬಿಡಬೇಡ ಎಂದ. ಮತ್ತೊಂದು ಏಟು. ಮತ್ತೊಂದು.

"ಹೊಲ ಅಂತೂ ಹೋತು," ಎಂದಳು ಅವಳು. "ಬನ್ನಿ ಬುಡದಾಗ ಮಲಗಿದ ನನ್ನ ಗಂಡನರ ಉಳೀಲಿ."

ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ತಂತಿಯಲ್ಲಿ ನುಸುಳಿದಳು. ಸೀರೆ ಹರಿಯಿತು. ಓಡಿದಳು. ಹಿಂದೆ ಏನೋ ಲಟ್ಟೆಂದು ಮುರಿದ ಸದ್ದು ಕೇಳಿಸಿತು. ತಿರುಗಲಿಲ್ಲ.

ಅವಳು ತಲುಪುವಷ್ಟರಲ್ಲಿ ಗಿಡ ನೆಲದ ಮೇಲಿತ್ತು. ಒಬ್ಬ ಕೂಲಿಯವಳು ಅಲ್ಲಿಯ ಮೊದಲ ಬುಟ್ಟಿ ತುಂಬಿ, ತಲೆಗೆ ಎತ್ತಿಕೊಡುವವರಿಗಾಗಿ ಅತ್ತಿತ್ತ ನೋಡುತ್ತಿದ್ದಳು.